ಅಪ್‌ಡೇಟ್: ದಿನಾ ನಡೆದು ತೂಕ ಇಳಿಯಿತಾ?

ನಾಲ್ಕು ತಿಂಗಳ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ, ನೆನಪಿದೆಯಾ? 86 ಕೆಜಿ ಇದ್ದೇನೆ, ಜಿಮ್ ಆಗಲ್ಲ, ಬರೀ ನಡೆದರೆ ಸಾಕಾ ಅಂತ. ಈಗ 82.

ಮೊದಲ ತಿಂಗಳು ತೂಕದ ಮುಳ್ಳು ಅಲ್ಲಾಡಲೇ ಇಲ್ಲ. ಕಾರಣ ಗೊತ್ತಾಗಿದ್ದು ಆಮೇಲೆ. ದಿನಾ ಬೆಳಿಗ್ಗೆ ಮಧೂರು ದೇವಸ್ಥಾನದ ತನಕ ಬಿರುಸಾಗಿ ಅರ್ಧ ಗಂಟೆ ನಡೆಯುತ್ತಿದ್ದೆ. ವಾಪಸ್ ಬರುವಾಗ ಹೋಟೆಲಲ್ಲಿ ಚಹಾ, ಒಂದು ಪ್ಲೇಟ್ ಗೋಳಿಬಜೆ. ಅರ್ಧ ಗಂಟೆ ನಡೆದು ಕರಗಿಸಿದ್ದು ಸುಮಾರು 200 ಕ್ಯಾಲೊರಿ. ಎಣ್ಣೆ ಹೀರಿದ ಬಜೆ ಅದನ್ನು ಬಡ್ಡಿ ಸಮೇತ ವಾಪಸ್ ಕೊಡುತ್ತಿತ್ತು! ಈಗ ಚಹಾ ಮಾತ್ರ, ಸಕ್ಕರೆ ಅರ್ಧ ಚಮಚ. ಬಜೆ ಭಾನುವಾರಕ್ಕೆ. ಪೂರ್ತಿ ಬಿಡೋಕೆ ನಾನೇನು ಸನ್ಯಾಸಿಯಲ್ಲ.

ಹವಾಯಿ ಚಪ್ಪಲಿ ಬೇಡ ಅಂದಿದ್ದಿರಿ, ಕೇಳಲಿಲ್ಲ. ಎರಡನೇ ವಾರಕ್ಕೇ ಹೆಬ್ಬೆರಳ ಸಂದಿಯಲ್ಲಿ ಬೊಕ್ಕೆ ಎದ್ದು ಒಡೆಯಿತು, ಉಪ್ಪುನೀರು ತಾಗಿದ ಹಾಗೆ ಉರಿ. ಮೂರು ದಿನ ಮನೆಯಲ್ಲೇ ಕೂತೆ. ಆಮೇಲೆ ಶೂ ತಗೊಂಡೆ.

ಜೂನ್ ಮಳೆ ಶುರುವಾದ ಮೇಲೆ ರಸ್ತೆಬದಿಯೆಲ್ಲ ಕೆಸರು. ಈಗ ಮನೆ ಜಗಲಿಯಲ್ಲೇ ಆ ಕಡೆಯಿಂದ ಈ ಕಡೆಗೆ ನಡೆಯುತ್ತೇನೆ. ಅಡಿಕೆ ಆರಿಸುತ್ತಾ ಕೂತ ಅಮ್ಮ, "ಏನೋ ಕಳೆದುಕೊಂಡ ಹಾಗೆ ಸುತ್ತುತ್ತೀಯಲ್ಲ" ಅಂತ ನಗುತ್ತಾರೆ.

10,000 ಹೆಜ್ಜೆಯ ಲೆಕ್ಕ ಬಿಟ್ಟಿದ್ದೇನೆ. ಅದು 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಬಳಸಿದ ಸಂಖ್ಯೆಯಂತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬಿರುಸು ನಡಿಗೆಯಂಥ ಚಟುವಟಿಕೆ ವಾರಕ್ಕೆ ಕನಿಷ್ಠ 150 ನಿಮಿಷ. ಅಷ್ಟು ಆಗುತ್ತಿದೆ. ಬೆಲ್ಟ್ ಎರಡು ತೂತು ಒಳಗೆ ಬಂದಿದೆ, ಮೂರನೆಯದನ್ನು ಮೊಳೆ ಬಡಿದು ನಾನೇ ಮಾಡಬೇಕು.