ಒಣ ತಂಬಾಕಿಗೆ ಜೇಬಲ್ಲಿಡುವ ವೇಪರೈಸರ್ ಯಾವುದು ಒಳ್ಳೇದು?

ಮಲೆನಾಡಿಗ:
ಜರ್ಮನಿಯಲ್ಲಿದ್ದೇನೆ. ಸಿಗರೇಟು ಬಿಟ್ಟು ತಂಬಾಕನ್ನು ಸುಡದೆ ಬರೀ ಬಿಸಿ ಮಾಡಿ ಎಳೆಯೋಣ ಅಂತ ಒಂದು ಅಗ್ಗದ ವೇಪರೈಸರ್ ತಗೊಂಡೆ. ಆವಿ ಬರುತ್ತದೆ, ರುಚಿಯೂ ಇದೆ, ತೃಪ್ತಿ ಮಾತ್ರ ಇಲ್ಲ. ಊರಿಗೂ ತರಬಹುದಾದ್ದು ಇದ್ದರೆ ಹೇಳಿ.

ಬಿಸಿಗಾಳಿ:
ಅಗ್ಗದವುಗಳಲ್ಲಿ ಹೆಚ್ಚಾಗಿ ತಂಬಾಕು ತುಂಬುವ ಬಟ್ಟಲಿನ ಗೋಡೆ ಮಾತ್ರ ಕಾಯುತ್ತದೆ, ಅಂಚಿನ ಎಲೆ ಕಪ್ಪಾಗಿ ನಡುವಿನದು ಹಾಗೇ ಉಳಿಯುತ್ತದೆ. ಬಿಸಿಗಾಳಿಯನ್ನೂ ಹಾಯಿಸುವ, ಮೈಟಿ (Mighty) ಅನ್ನೋ ವೇಪರೈಸರ್ ತರದ್ದು ನೋಡಿ, 210 ಡಿಗ್ರಿವರೆಗೆ ಹೋಗುತ್ತದೆ. ಪೈಪ್ ತಂಬಾಕಾದರೆ ತೇವ ಜಾಸ್ತಿ, ಸ್ವಲ್ಪ ಆರಿಸಿ, ಪುಡಿ ಮಾಡಿ, ನಿಧಾನವಾಗಿ ಎಳೆಯಿರಿ. ಆದರೂ ಸಿಗರೇಟಿನ ಆ ಹೊಡೆತ ಬರಲ್ಲ ಬಿಡಿ.

ಸುಮ್ನೆಬಂದೆ:
ಊರಿಗೆ ಮಾತ್ರ ತರಬೇಡಿ! ಭಾರತದ 2019ರ ಕಾಯ್ದೆ ಇ-ಸಿಗರೇಟನ್ನಷ್ಟೇ ಅಲ್ಲ, ತಂಬಾಕನ್ನು ಸುಡದೆ ಕಾಯಿಸುವ ಸಾಧನಗಳನ್ನೂ ನಿಷೇಧಿಸಿದೆ. ಆಮದು ಮಾಡಿದರೆ ಮೊದಲ ಸಲವೇ 1 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಕಾಫಿತೋಟ:
ಸಿಗರೇಟು ಬಿಡೋದೇ ಗುರಿಯಾದರೆ ನಿಕೋಟಿನ್ ಗಮ್ ಸಾಕಲ್ವಾ? ಸುಡದಿದ್ದರೆ ಹೊಗೆಯ ಟಾರ್ (ಜಿಗುಟು ಮಸಿ) ಕಡಿಮೆ ಸರಿ, ಚಟ ಎಲ್ಲಿ ಹೋಯಿತು?

ಮಲೆನಾಡಿಗ:
ಗಮ್ಮು ಗಂಟಲು ಉರಿಸುತ್ತದೆ ಮಾರಾಯ್ರೆ. ಮೈಟಿ ಬೆಲೆ ನೋಡಿ ಬರುತ್ತೇನೆ, ಊರಿಗಂತೂ ತರಲ್ಲ.