ಗೋಣಿಕೊಪ್ಪದ ಆಫೀಸಿಗೆ ವರ್ಚುವಲ್ ಡೆಸ್ಕ್‌ಟಾಪ್ ಬೇಕಾ, ಬ್ಯಾಕಪ್ ಸಾಕಾ? ಅನುಭವ ಇದ್ದವರು ಹೇಳಿ

ಗೋಣಿಕೊಪ್ಪ, ಕಾಫಿ–ಮೆಣಸು ವ್ಯಾಪಾರ (ಕೇಳಿದವರು)

ನಮ್ಮದು ಕಾಫಿ, ಕರಿಮೆಣಸು ಕೊಳ್ಳುವ ಸಣ್ಣ ವ್ಯಾಪಾರ. ಗೋಣಿಕೊಪ್ಪದಲ್ಲಿ ಆಫೀಸು, ಕುಶಾಲನಗರದಲ್ಲಿ ಗೋಡೌನು. ಕಂಪ್ಯೂಟರ್ ಮುಂದೆ ಕೂರುವವರು 11 ಜನ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಎಕ್ಸೆಲ್, ಸ್ಕ್ಯಾನ್ ಮಾಡಿಟ್ಟ ಬಿಲ್ಲು, ತೂಕದ ಚೀಟಿ ಎಲ್ಲ ಸೇರಿ 500 ಜಿಬಿ ಹತ್ತಿರ ಇದೆ. ನಾವು ‘ಸರ್ವರ್’ ಅಂತ ಕರೆಯುವ ಹಳೇ ಕಂಪ್ಯೂಟರ್ ಕಳೆದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಏಳಲೇ ಇಲ್ಲ. ಎರಡು ದಿನ ಪುಸ್ತಕದಲ್ಲಿ ಬರೆದುಕೊಂಡು ಕೂತೆವು. ಹೇಗೋ ಡೇಟಾ ಸಿಕ್ಕಿತು.

ಈಗ ಒಬ್ಬರು ಬಂದು, ‘ಎಲ್ಲರಿಗೂ ವರ್ಚುವಲ್ ಡೆಸ್ಕ್‌ಟಾಪ್ ಹಾಕಿಬಿಡಿ, ಬ್ಯಾಕಪ್ ಅದರ ಜೊತೆಗೇ ಬರುತ್ತೆ, ಹಳೇ ಕಂಪ್ಯೂಟರ್ ಎಸೆಯಬೇಕಾಗಿಯೂ ಇಲ್ಲ’ ಅನ್ನುತ್ತಿದ್ದಾರೆ. ಅಂದರೆ ಕಂಪ್ಯೂಟರ್ ಎಲ್ಲೋ ದೂರದಲ್ಲಿ ಓಡುತ್ತದಂತೆ, ನಾವು ಇಂಟರ್ನೆಟ್‌ನಲ್ಲಿ ಅದನ್ನು ಬಳಸುವುದಂತೆ. ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ. ಮನೆಯಿಂದ ಕೆಲಸ ಮಾಡುವ ಮೂವರಿಗೆ ಇದು ಖುಷಿ. ನನಗೆ ಮಾತ್ರ ಜುಲೈ ಮಳೆ, ಆಗ ಲೈನ್ ಹೋಗುವುದು ಕಣ್ಣ ಮುಂದೆ ಬರುತ್ತದೆ. ಕೊಡಗು ಜಿಲ್ಲೆಯಲ್ಲಿ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ?

ಸುಂಟಿಕೊಪ್ಪ ಕಡೆ, ಎಸ್ಟೇಟ್ ಆಫೀಸು

ವರ್ಚುವಲ್ ಡೆಸ್ಕ್‌ಟಾಪ್ ನಾನು ಬಳಸಿಲ್ಲ. ಬ್ಯಾಕಪ್ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕಂದರೆ ಆ ಪಾಠಕ್ಕೆ ಫೀಸು ಜಾಸ್ತಿಯೇ ಕಟ್ಟಿದ್ದೇವೆ.

2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಇಳಿದವು. ನಮ್ಮ ಆಫೀಸಿಗೆ ಅಷ್ಟು ದೊಡ್ಡದೇನೂ ಬರಲಿಲ್ಲ. ಹಿಂದಿನ ಬರೆ (ಮಣ್ಣಿನ ದಿಬ್ಬ) ಕುಸಿದು, ಗೋಡೆ ಒಂದು ಕಡೆ ಬಿದ್ದು, ಮಂಡಿವರೆಗೆ ಕೆಸರು ನಿಂತಿತು ಅಷ್ಟೆ. ನಮ್ಮಲ್ಲಿ ಬ್ಯಾಕಪ್ ಇತ್ತು. ರೈಟರ್ (ಎಸ್ಟೇಟಿನ ಗುಮಾಸ್ತರು) ದಿನಾ ಸಂಜೆ ತಪ್ಪದೆ ಒಂದು ಡಿಸ್ಕಿಗೆ ಕಾಪಿ ಮಾಡಿ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ ಇಡುತ್ತಿದ್ದರು. ಸರ್ವರ್ ಇದ್ದದ್ದು ಬೀರುವಿನ ಪಕ್ಕದ ಮೇಜಿನ ಕೆಳಗೆ. ಎರಡಕ್ಕೂ ಒಂದೇ ಕೆಸರು.

ಬೀರು ತೆಗೆದಾಗ ಚೆಕ್‌ರೋಲ್ (ಕೂಲಿಯವರ ಹಾಜರಿ) ಪುಸ್ತಕಗಳು ಊದಿಕೊಂಡು ಒಂದಕ್ಕೊಂದು ಅಂಟಿದ್ದವು. ಡಿಸ್ಕಿನ ಕೇಬಲ್ ಚುಚ್ಚುವ ಬಾಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ರೈಟರ್ ಕಟ್ಟೆ ಮೇಲೆ ಕೂತು ಅದನ್ನು ಬೆಂಕಿಕಡ್ಡಿಯಿಂದ ಕೆರೆಯುತ್ತಲೇ ಇದ್ದರು. ಅದು ಓಡುವುದಿಲ್ಲ ಅಂತ ನಮಗಿಬ್ಬರಿಗೂ ಗೊತ್ತಿತ್ತು. ಕೊನೆಗೆ ಬಚಾವಾದದ್ದು ಜೂನ್ ತಿಂಗಳಲ್ಲಿ ಮೈಸೂರಿನ ಆಡಿಟರ್‌ಗೆ ಕಳಿಸಿದ್ದ ಒಂದು ಕಾಪಿಯಿಂದ. ನಡುವಿನ ಎರಡು ತಿಂಗಳ ಕೂಲಿ ಲೆಕ್ಕವನ್ನು ಕೆಲಸದವರನ್ನೇ ಕೇಳಿ ಕೇಳಿ ಹೊಸದಾಗಿ ಬರೆದೆವು.

ಈಗ ಒಂದು ಕಾಪಿ ಆಫೀಸಿನಲ್ಲಿ, ಒಂದು ಕ್ಲೌಡಿನಲ್ಲಿ. ಜೊತೆಗೆ ಒಂದು ಡಿಸ್ಕ್ ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬರುತ್ತದೆ. ಕ್ಲೌಡ್ ಇದ್ದಮೇಲೆ ಡಿಸ್ಕ್ ಯಾಕೆ ಅಂತ ಮಗಳು ನಗುತ್ತಾಳೆ. ನಗಲಿ.

ಮಡಿಕೇರಿ, ತೆರಿಗೆ ಸಲಹೆ ಆಫೀಸು

ನಾವು ಹಾಕಿಸಿಕೊಂಡವರು. ಇಷ್ಟವಾದದ್ದೂ ಆಗದ್ದೂ ಎರಡೂ ಇದೆ.

ಮೊದಲು ಇದು ಏನು ಅಂತ ಸರಳವಾಗಿ ಹೇಳುತ್ತೇನೆ. ನಿಮ್ಮ ಕಂಪ್ಯೂಟರ್ ನಿಜವಾಗಿ ಓಡುವುದು ಪುಣೆಯಲ್ಲೋ ಮುಂಬೈಯಲ್ಲೋ ಇರುವ ಡೇಟಾ ಸೆಂಟರಿನಲ್ಲಿ. ನಿಮ್ಮ ಮೇಜಿನ ಮೇಲೆ ಕಾಣುವುದು ಅದರ ಚಿತ್ರ ಮಾತ್ರ. ಕೀಲಿ ಒತ್ತಿದ್ದು ಅಲ್ಲಿಗೆ ಹೋಗುತ್ತದೆ, ಚಿತ್ರ ಇಲ್ಲಿಗೆ ಬರುತ್ತದೆ. ಹಾಗಾಗಿ ಇಂಟರ್ನೆಟ್ ಲೈನಿನ ವೇಗಕ್ಕಿಂತ ಲೈನು ತಡವರಿಸದೆ ಇರುವುದು ಮುಖ್ಯ. ಹೋಗಿ ಬರುವ ಸಮಯ 150 ಮಿಲಿಸೆಕೆಂಡ್ ಒಳಗಿರಬೇಕು ಅನ್ನುತ್ತದೆ ಮೈಕ್ರೋಸಾಫ್ಟ್. ಹಗುರ ಕೆಲಸಕ್ಕೆ ತಲೆಗೆ 1.5 ಎಂಬಿಪಿಎಸ್, ಸಾಧಾರಣ ಆಫೀಸ್ ಕೆಲಸಕ್ಕೆ 3 ಎಂಬಿಪಿಎಸ್ ಅಂತ ಅವರ ಲೆಕ್ಕ. ನಿಮ್ಮ 11 ಜನಕ್ಕೆ 33 ಆಯಿತು. ಫೈಬರ್ ಇದ್ದರೆ ದೊಡ್ಡ ಮಾತಲ್ಲ.

ನಮಗೆ ಅತಿ ಹೆಚ್ಚು ಉಪಯೋಗ ಆದದ್ದು ಇದು: ಮೂರ್ನಾಡಿನ ಮನೆಯಿಂದ ಕೆಲಸ ಮಾಡುವ ಹುಡುಗಿ ರಿಟರ್ನ್ ತುಂಬುತ್ತಿರುವಾಗ ಕರೆಂಟ್ ಹೋಯಿತು. ಅರ್ಧ ಗಂಟೆ ಬಿಟ್ಟು ಫೋನಿನ ಹಾಟ್‌ಸ್ಪಾಟ್‌ನಲ್ಲಿ ಮತ್ತೆ ಒಳಗೆ ಹೋದಳು. ಕರ್ಸರ್ ಬಿಟ್ಟ ಜಾಗದಲ್ಲೇ ಮಿನುಗುತ್ತಿತ್ತು! ಲ್ಯಾಪ್‌ಟಾಪ್ ಕಳೆದುಹೋದರೂ ಗ್ರಾಹಕರ ಕಾಗದ ಅದರಲ್ಲಿ ಇರುವುದಿಲ್ಲ ಅನ್ನುವ ನೆಮ್ಮದಿ ಬೇರೆ.

ಇಷ್ಟವಾಗದ್ದು ಮುದ್ರಣ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದರ ಜೊತೆ ಹೊಂದಿಕೊಳ್ಳಲು ತಿಂಗಳು ಹಿಡಿಯಿತು. ನಿಮ್ಮ ಗೋಡೌನಿನ ತೂಕದ ಯಂತ್ರ ಕಂಪ್ಯೂಟರಿಗೆ ಹಳೇ ಸೀರಿಯಲ್ ಕೇಬಲ್‌ನಲ್ಲಿ ಸೇರಿದ್ದರೆ, ಆ ಒಂದು ಕಂಪ್ಯೂಟರನ್ನು ವರ್ಚುವಲ್ ಮಾಡಲು ಹೋಗಲೇಬೇಡಿ.

ಮೈಕ್ರೋಸಾಫ್ಟ್‌ನವರ ಬಾಡಿಗೆಯಲ್ಲಿ ಎರಡು ಥರ ಇದೆ. ವಿಂಡೋಸ್ 365 ಅನ್ನುವುದು ತಲೆಗೆ ತಿಂಗಳಿಗೆ ಇಷ್ಟು ಅಂತ ನಿಗದಿ, ಬಳಸಿದರೂ ಬಳಸದಿದ್ದರೂ ಸಾಮಾನ್ಯವಾಗಿ ಒಂದೇ ಬಿಲ್ಲು. ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಯಂತ್ರ ಓಡಿದಷ್ಟು ಹೊತ್ತಿಗೆ ದುಡ್ಡು, ಡಿಸ್ಕಿನ ಬಾಡಿಗೆ ಬೇರೆ. ನೋಡಿಕೊಳ್ಳುವವರು ಬೇಕು. ರಾತ್ರಿ ಆಫ್ ಮಾಡಲು ಮರೆತರೆ ಬಿಲ್ಲು ಏರುತ್ತದೆ. ಕಾಫಿಯವರಿಗೆ ಇಲ್ಲಿ ಒಂದು ಲಾಭ ಇದೆ: ಕೊಯ್ಲಿನ ಮೂರು ನಾಲ್ಕು ತಿಂಗಳಿಗೆ ಮಾತ್ರ ಜನ ಜಾಸ್ತಿ ಬೇಕಿದ್ದರೆ ಅಷ್ಟಕ್ಕೇ ಸೇರಿಸಿ, ಆಮೇಲೆ ತೆಗೆಯಬಹುದು. ನಿಮ್ಮವರು ವರ್ಷದ ಒಪ್ಪಂದಕ್ಕೆ ಸಹಿ ಕೇಳುತ್ತಿದ್ದಾರಾ, ತಿಂಗಳಿನದ್ದಾ? ಅದನ್ನು ಮೊದಲು ನೋಡಿ.

ಗೋಣಿಕೊಪ್ಪ (ಕೇಳಿದವರು)

ಮೂರು ವರ್ಷದ ಒಪ್ಪಂದ ಸರ್. ತೂಕದ ಯಂತ್ರ ಸೀರಿಯಲ್ ಕೇಬಲ್‌ನಲ್ಲೇ ಇದೆ. ಲೈನ್ ಪೂರ್ತಿ ಹೋದಾಗ ಏನು ಮಾಡುತ್ತೀರಿ?

ಮಡಿಕೇರಿ, ತೆರಿಗೆ ಸಲಹೆ ಆಫೀಸು

ಕಾಫಿ ಕುಡಿಯುತ್ತೇವೆ. ನಿಜವಾಗಿ. ಫೈಬರೂ ಇಲ್ಲ, ಟವರೂ ಇಲ್ಲ ಅಂದರೆ ಮೇಜಿನ ಮೇಲೆ ಇರುವುದು ಖಾಲಿ ಪೆಟ್ಟಿಗೆ. ನಮ್ಮದು ಒಂದು ದಿನ ತಡವಾದರೂ ನಡೆಯುವ ಕೆಲಸ. ಲಾರಿ ಗೇಟಿನಲ್ಲಿ ನಿಂತಿರುವ ನಿಮ್ಮ ಕೆಲಸ ಹಾಗಲ್ಲ.

ಕುಶಾಲನಗರ, ಕಂಪ್ಯೂಟರ್ ಸರ್ವಿಸ್

ಇಪ್ಪತ್ತು ವರ್ಷದಿಂದ ಜಿಲ್ಲೆಯ ಆಫೀಸುಗಳ ಮೇಜಿನ ಕೆಳಗೆ ತೆವಳುತ್ತಿರುವವನು ನಾನು. ಉದ್ದ ಆದರೆ ಬೈಯಬೇಡಿ.

‘ಬ್ಯಾಕಪ್ ಜೊತೆಗೇ ಬರುತ್ತೆ’ ಅಂದರಲ್ಲ, ಅಲ್ಲೇ ಹಿಡಿಯಿರಿ. ವರ್ಚುವಲ್ ಡೆಸ್ಕ್‌ಟಾಪ್ ಅಂದರೆ ಕಂಪ್ಯೂಟರ್ ಇರುವ ಜಾಗ ಬದಲಾಯಿತು, ಅಷ್ಟೇ. ಅಲ್ಲಿಯೂ ಯಾರೋ ತಪ್ಪಿ ಫೋಲ್ಡರ್ ಅಳಿಸಬಹುದು, ವೈರಸ್ ಬರಬಹುದು, ಬಾಡಿಗೆ ಕಟ್ಟದಿದ್ದರೆ ಬಾಗಿಲೂ ಮುಚ್ಚಬಹುದು. ಅವರನ್ನು ಹೀಗೆ ಕೇಳಿ: ಎಷ್ಟು ದಿನದ ಹಿಂದಿನ ಕಾಪಿ ಸಿಗುತ್ತದೆ? ಒಂದೇ ಒಂದು ಫೈಲ್ ವಾಪಸ್ ತರಲು ಎಷ್ಟು ಹೊತ್ತು? ನಾನು ಬಿಟ್ಟುಹೋದರೆ ನನ್ನ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತೀರಿ? ಉತ್ತರ ಕಾಗದದಲ್ಲಿ ಬರೆದು ಕೊಡಲಿ. ಬಾಯಿಮಾತು ಬೇಡ.

ಇನ್ನೊಂದು ಲೆಕ್ಕ ನೀವೇ ಮಾಡಿ. 500 ಜಿಬಿಯನ್ನು 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಏರಿಸಲು 111 ಗಂಟೆ ಬೇಕು. ನಾಲ್ಕೂವರೆ ದಿನ, ಅದೂ ಲೈನ್ ಒಮ್ಮೆಯೂ ಹೋಗದಿದ್ದರೆ. ಮೊದಲ ಸಲ ಮಾತ್ರ ಇಷ್ಟು, ಆಮೇಲೆ ಬದಲಾದದ್ದು ಮಾತ್ರ ಏರುತ್ತದೆ. ಆದರೆ ಎಲ್ಲ ಹೋದ ದಿನ ಇಳಿಸಿಕೊಳ್ಳಬೇಕಲ್ಲ? 50 ಎಂಬಿಪಿಎಸ್ ಇದ್ದರೂ 22 ಗಂಟೆ. ಅದಕ್ಕೇ ಆಫೀಸಿನೊಳಗೂ ಒಂದು ಕಾಪಿ ಇರಲೇಬೇಕು ಅನ್ನುವುದು. ಮೂರು ಕಾಪಿ, ಎರಡು ಥರದ ಜಾಗ, ಒಂದು ಊರಾಚೆ. ಇದನ್ನು 3-2-1 ಅನ್ನುತ್ತಾರೆ. ಸುಂಟಿಕೊಪ್ಪದವರು ಈಗ ಮಾಡುತ್ತಿರುವುದು ಅದನ್ನೇ.

ಊರಾಚೆ ಅಂದರೆ ನಿಜವಾಗಿ ಆಚೆ. ಗೋಣಿಕೊಪ್ಪದ ಕಾಪಿ ಪೊನ್ನಂಪೇಟೆಯಲ್ಲಿ ಇಟ್ಟರೆ ಎರಡಕ್ಕೂ ಒಂದೇ ಮಳೆ. ಕಾವೇರಿ ತುಂಬಿದಾಗ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ನೋಡಿದ್ದೇವೆ. ಗೋಡೌನು ಹೊಳೆ ಬದಿಗಿದ್ದರೆ ಅಲ್ಲಿಯೂ ಬೇಡ.

ನನ್ನ ಹತ್ತಿರ ಬರುವ ಸತ್ತ ಸರ್ವರ್‌ಗಳಲ್ಲಿ ಮಳೆಯವು ಕಡಿಮೆ, ಏಪ್ರಿಲ್–ಮೇ ಗುಡುಗಿನವು ಜಾಸ್ತಿ. ಕಾಫಿ ಹೂವಿಗೆ ಮಳೆ ಬೇಕು ಅಂತ ನೀವೆಲ್ಲ ಮೋಡ ನೋಡುತ್ತಾ ಕೂತಿರುತ್ತೀರಿ, ನಾನು ಪ್ಲಗ್ ಕೀಳಿ ಅಂತ ಫೋನ್ ಮಾಡುತ್ತಾ ಇರುತ್ತೇನೆ. ಫೈಬರ್ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಆದರೆ ಅದರ ಪೆಟ್ಟಿಗೆಗೆ ಕರೆಂಟಿನ ವೈರು ಇದೆಯಲ್ಲ. ಬ್ಯಾಕಪ್ ಡಿಸ್ಕನ್ನು ಸದಾ ಚುಚ್ಚಿಟ್ಟಿದ್ದರೆ ಸರ್ವರ್ ಜೊತೆಗೆ ಅದೂ ಹೋಗುತ್ತದೆ. ಅರ್ತಿಂಗ್ ಸರಿ ಮಾಡಿಸಿ, ಯುಪಿಎಸ್ ಹಾಕಿಸಿ. ಒಂದು ಡಿಸ್ಕ್ ಯಾವಾಗಲೂ ಕಿತ್ತಿಟ್ಟೇ ಇರಲಿ.

ಕಿತ್ತಿಡುವುದಕ್ಕೆ ಇನ್ನೂ ದೊಡ್ಡ ಕಾರಣ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಂಥವು ಕಣ್ಣಿಗೆ ಕಾಣುವ ಎಲ್ಲ ಡಿಸ್ಕಿಗೂ ಬೀಗ ಹಾಕುತ್ತವೆ, ಬ್ಯಾಕಪ್ ಡಿಸ್ಕ್ ಸೇರಿಸಿ. ಕ್ಲೌಡ್ ಬ್ಯಾಕಪ್ ಕೊಳ್ಳುವಾಗ ‘ಇಮ್ಯುಟೆಬಲ್’ ಸೌಲಭ್ಯ ಇದೆಯಾ ಕೇಳಿ. ಅಂದರೆ ನಿಗದಿ ಮಾಡಿದಷ್ಟು ದಿನ ಯಾರೂ, ನೀವೂ ಕೂಡ, ಆ ಕಾಪಿಯನ್ನು ಅಳಿಸಲಾಗದು.

ಹಳೇ ಕಂಪ್ಯೂಟರ್ ಎಸೆಯಬೇಕಿಲ್ಲ ಅನ್ನುವುದೂ ಅರ್ಧ ಸತ್ಯ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಚಿತ್ರ ತೋರಿಸುವ ಪೆಟ್ಟಿಗೆಯೇ ಸೋಂಕಾಗಿದ್ದರೆ ನೀವು ಒತ್ತುವ ಪಾಸ್‌ವರ್ಡ್ ಅಲ್ಲೇ ಕದಿಯಬಹುದು.

ಮತ್ತೆ, ದುಡ್ಡು ಉಳಿಸಲು ಆಫೀಸಿನ ಸರ್ವರನ್ನೇ ರಿಮೋಟ್ ಡೆಸ್ಕ್‌ಟಾಪ್‌ಗೆ ತೆರೆದು, ರೂಟರಿನಲ್ಲಿ 3389 ಪೋರ್ಟ್ (ಹೊರಗಿನಿಂದ ಸರ್ವರ್ ಒಳಗೆ ಬರುವ ದಾರಿ) ಬಿಟ್ಟುಬಿಡುವ ‘ತಜ್ಞರು’ ನಮ್ಮಲ್ಲಿ ಇದ್ದಾರೆ. ದಯವಿಟ್ಟು ಬೇಡ. ಅದು ಬೀದಿಗೆ ಬಾಗಿಲು ತೆಗೆದಿಟ್ಟು ಹುತ್ತರಿ ಹಬ್ಬಕ್ಕೆ ಹೋದ ಹಾಗೆ.

ನಾಪೋಕ್ಲು, ಹೋಂಸ್ಟೇ

ನಮ್ಮಂಥ ಸಣ್ಣವರಿಗೆ ಗೂಗಲ್ ಡ್ರೈವ್ ಸಾಕು ಅಂದುಕೊಂಡಿದ್ದೆ. ಬುಕ್ಕಿಂಗ್ ಫೋಲ್ಡರನ್ನು ತಮ್ಮ ತನ್ನ ಲ್ಯಾಪ್‌ಟಾಪ್‌ನಲ್ಲಿ ‘ಜಾಗ ಖಾಲಿ ಮಾಡೋಣ’ ಅಂತ ಅಳಿಸಿದ. ಸಿಂಕ್ ತಾನೇ? ಎಲ್ಲ ಕಡೆಯಿಂದಲೂ ಹೋಯಿತು. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆದರೆ ನಮಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ದಸರಾ ರಜೆಗೆ ಯಾರು ಅಡ್ವಾನ್ಸ್ ಕೊಟ್ಟಿದ್ದಾರೆ ಅಂತ ವಾಟ್ಸಾಪ್ ಕೆದಕಿ ಕೆದಕಿ ಪಟ್ಟಿ ಮಾಡಿದೆ. ಸಿಂಕ್ ಬೇರೆ, ಬ್ಯಾಕಪ್ ಬೇರೆ.

ವಿರಾಜಪೇಟೆ, ಲೆಕ್ಕಪತ್ರ ಕೆಲಸ

ಒಂದು ವಿಷಯ ಯಾರೂ ಹೇಳಲಿಲ್ಲ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಲೆಕ್ಕಪತ್ರದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಆಗಬೇಕು ಅಂತ 2022ರ ಆಗಸ್ಟ್‌ನಿಂದ ಕಂಪನಿ ಲೆಕ್ಕಪತ್ರ ನಿಯಮ ಹೇಳುತ್ತದೆ. ಲೆಕ್ಕದ ಪುಸ್ತಕ ಎಂಟು ವರ್ಷ ಉಳಿಸಬೇಕು. ಪಾಲುದಾರಿಕೆ ಆಗಿದ್ದರೂ ಜಿಎಸ್‌ಟಿ ದಾಖಲೆಯನ್ನು ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ‘30 ದಿನದ ಬ್ಯಾಕಪ್ ಉಚಿತ’ ಅನ್ನುವವರಿಗೆ ಇದನ್ನು ಓದಿ ಹೇಳಿ.

ಟ್ಯಾಲಿ ತೆರೆದಿರುವಾಗಲೇ ಅದರ ಡೇಟಾ ಫೋಲ್ಡರನ್ನು ಸುಮ್ನೆ ಕಾಪಿ ಹೊಡೆಯಬೇಡಿ. ಅರ್ಧಂಬರ್ಧ ಬಂದರೂ ಬಂತು. ಎಲ್ಲರೂ ಹೊರಗೆ ಬಂದಮೇಲೆ ಟ್ಯಾಲಿಯೊಳಗಿನ ಬ್ಯಾಕಪ್ಪಿನಿಂದಲೇ ತೆಗೆಯಿರಿ.

ಗೋಣಿಕೊಪ್ಪ (ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನು ಮಾಡಿದೆವು ಅಂತ ಹೇಳುತ್ತೇನೆ.

ಮೂರು ವರ್ಷದ ಒಪ್ಪಂದಕ್ಕೆ ಬೇಡ ಅಂದೆವು. ಮನೆಯಿಂದ ಕೆಲಸ ಮಾಡುವ ಮೂವರಿಗೆ ಮಾತ್ರ ತಿಂಗಳ ಲೆಕ್ಕದಲ್ಲಿ ವರ್ಚುವಲ್ ಡೆಸ್ಕ್‌ಟಾಪ್, ಒಂದು ಮಳೆಗಾಲ ನೋಡೋಣ ಅಂತ. ತೂಕದ ಕಂಪ್ಯೂಟರ್ ಇದ್ದಲ್ಲೇ ಇದೆ. ಆಫೀಸಿಗೆ ಎರಡು ಡಿಸ್ಕಿನ ನ್ಯಾಸ್ ಪೆಟ್ಟಿಗೆ (ಎಲ್ಲರ ಫೈಲೂ ಒಂದೇ ಕಡೆ ಇಡುವ ಡಿಸ್ಕ್ ಪೆಟ್ಟಿಗೆ) ಬಂತು, ಅದು ರಾತ್ರಿ ಕ್ಲೌಡಿಗೆ ಕಾಪಿ ಕಳಿಸುತ್ತದೆ. ಒಂದು ಡಿಸ್ಕ್ ಶನಿವಾರ ನನ್ನ ಭಾವನ ಜೊತೆ ಹುಣಸೂರಿಗೆ ಹೋಗುತ್ತದೆ.

ಕುಶಾಲನಗರದವರ ಮಾತು ಕೇಳಿ ನಿನ್ನೆ ಒಂದು ಫೈಲ್ ವಾಪಸ್ ತರುವ ಪರೀಕ್ಷೆ ಮಾಡಿದೆವು. ಜನವರಿಯ ರೋಬಸ್ಟಾ ಖರೀದಿ ಪಟ್ಟಿ. ಕ್ಲೌಡಿನಿಂದ ಇಳಿಯಿತು, ತೆರೆದರೆ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಗೊತ್ತಿದ್ದ ಹುಡುಗ ಮಾರ್ಚ್‌ನಲ್ಲೇ ಕೆಲಸ ಬಿಟ್ಟಿದ್ದಾನೆ.

ಕುಶಾಲನಗರ, ಕಂಪ್ಯೂಟರ್ ಸರ್ವಿಸ್

ಬೇಗ ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು. ಅವನಿಗೆ ಇವತ್ತೇ ಫೋನ್ ಮಾಡಿ. ಪಾಸ್‌ವರ್ಡ್ ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಯಜಮಾನರ ಮನೆಯಲ್ಲಿಡಿ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ, ಹುಣಸೂರಿನ ಡಬ್ಬಕ್ಕೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಳಿಸಿ.

ಗೋಣಿಕೊಪ್ಪ (ಕೇಳಿದವರು)

ಫೋನ್ ಮಾಡಿದೆ. ಮದುವೆ ಮನೆಯಲ್ಲಿದ್ದಾನಂತೆ, ಸಂಜೆ ಹೇಳುತ್ತಾನಂತೆ.