ಇಂಗ್ಲಿಷ್ ಪರೀಕ್ಷೆಗೆ ಮೊದಲ ಬಾರಿ ಮೇಲ್ವಿಚಾರಣೆ: ಏನೇನು ಸಿದ್ಧತೆ ಬೇಕು?

ಹೊಸ ಮೇಲ್ವಿಚಾರಕಿ ಕೇಳಿದ್ದು (ಉತ್ತರಿಸಿದವರೆಲ್ಲ ಅಡ್ಡಹೆಸರಿನಲ್ಲಿದ್ದಾರೆ):

ಎಂಟು ವರ್ಷಗಳಿಂದ ಇಂಗ್ಲಿಷ್ ಪಾಠ ಹೇಳುತ್ತಿದ್ದೇನೆ. ಆದರೆ ಪರೀಕ್ಷಾ ಕೊಠಡಿ ಕಾದು ಗೊತ್ತಿಲ್ಲ. ಮುಂದಿನ ತಿಂಗಳು ನಮ್ಮ ಕೇಂದ್ರದಲ್ಲಿ ಕೇಂಬ್ರಿಡ್ಜ್‌ನ ಬಿ2 ಫಸ್ಟ್ (ಮೇಲ್ಮಧ್ಯಮ ಮಟ್ಟದ ಇಂಗ್ಲಿಷ್) ಪರೀಕ್ಷೆ ಇದೆ, ಅದಾದ ಮೇಲೆ ವಿದೇಶಕ್ಕೆ ಓದಲು, ನೆಲೆಸಲು ಹೋಗುವವರು ಬರೆಯುವ ಐಇಎಲ್‌ಟಿಎಸ್‌ಗೂ ಕರೆಯಬಹುದು ಎಂದಿದ್ದಾರೆ. ಮೊದಲು ಕೊಠಡಿ ಮೇಲ್ವಿಚಾರಣೆ, ಅದು ಸರಿಹೋದರೆ ಇನ್ನಿಬ್ಬರು ಮೇಲ್ವಿಚಾರಕರ ಉಸ್ತುವಾರಿ. ತರಬೇತಿ ಅರ್ಧ ದಿನ ಮಾತ್ರ, ಕೈಪಿಡಿ ಮಾತ್ರ ದಪ್ಪಗಿದೆ. ನಕಲು ಮಾಡುವವರನ್ನು ಹಿಡಿಯಲು ನನ್ನಿಂದ ಆದೀತೇ ಎಂಬುದೇ ದೊಡ್ಡ ಭಯ. ಅನುಭವ ಇದ್ದವರು ಹೇಳಿ.

ಕೊನೆಯ ಸಾಲು:

ಮೇಡಂ, ನಕಲಿನ ಭಯವನ್ನು ಸದ್ಯ ಪಕ್ಕಕ್ಕಿಡಿ. ಹದಿನಾಲ್ಕು ವರ್ಷಗಳಲ್ಲಿ ನಾನು ಹಿಡಿದ ನಕಲುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಲಿಸನಿಂಗ್ (ಧ್ವನಿಮುದ್ರಣ ಕೇಳಿ ಉತ್ತರಿಸುವ ಭಾಗ) ಹೊತ್ತಿನಲ್ಲಿ ಕೈಕೊಟ್ಟ ಸ್ಪೀಕರ್‌ಗಳನ್ನು ಎಣಿಸಲು ಎರಡು ಕೈಯೂ ಸಾಲದು.

ಒಂದು ಸಲ ನಮ್ಮ ಕೊಠಡಿಗೆ ಕಳಿಸಿದ್ದು ಬ್ಲೂಟೂತ್ ಸ್ಪೀಕರ್. ಬೆಳಿಗ್ಗೆ ಪರೀಕ್ಷಿಸಿದಾಗ ಚೆನ್ನಾಗಿಯೇ ಇತ್ತು. ಮೂರನೇ ಭಾಗ ನಡೆಯುತ್ತಿದ್ದಾಗ, ಇಬ್ಬರ ಸಂಭಾಷಣೆಯ ನಡುವೆ ಮೂರನೆಯ ಹೆಣ್ಣು ದನಿಯೊಂದು ಸ್ಪಷ್ಟವಾಗಿ, ಅಚ್ಚ ಇಂಗ್ಲಿಷಿನಲ್ಲಿ, ಬ್ಯಾಟರಿ ಮುಗಿಯುತ್ತಿದೆ ಎಂದು ಹೇಳಿತು. ಮೂವತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ಮುಂದಿನ ಸಾಲಿನ ಹುಡುಗನೊಬ್ಬ ಮಾತ್ರ ತಲೆ ಎತ್ತಲಿಲ್ಲ, ಪೆನ್ಸಿಲ್ ಊರಿ ಅದನ್ನೂ ಬರೆದುಕೊಂಡ! ಈಗ ನಗು ಬರುತ್ತದೆ. ಆಗ ನನ್ನ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು.

ಅಂದಿನಿಂದ ನನ್ನ ಪದ್ಧತಿ ಹೀಗಿದೆ. ತಂತಿ ಇರುವ ಸ್ಪೀಕರ್, ಗೋಡೆಯ ವಿದ್ಯುತ್. ಲ್ಯಾಪ್‌ಟಾಪಿನಲ್ಲಿ ನಿದ್ರೆಗೆ ಜಾರುವ ವ್ಯವಸ್ಥೆ, ಸೂಚನೆಗಳ ಟಿಣ್ ಟಿಣ್, ತಂತ್ರಾಂಶ ನವೀಕರಣ ಎಲ್ಲವನ್ನೂ ಹಿಂದಿನ ದಿನವೇ ನಿಲ್ಲಿಸುತ್ತೇನೆ. ಪಕ್ಕದಲ್ಲಿ ಇನ್ನೊಂದು ಉಪಕರಣ ಸಿದ್ಧವಾಗಿರುತ್ತದೆ. ಆಮೇಲೆ ಕೊನೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂತು ಮಾದರಿ ಧ್ವನಿಮುದ್ರಣವನ್ನು ಕೇಳುತ್ತೇನೆ. ಮೇಜಿನ ಬಳಿ ನಿಂತು ಕೇಳಿದರೆ ಎಲ್ಲವೂ ಚಂದವೇ. ಫ್ಯಾನು, ಎಸಿ, ಹೊರಗಿನ ಕಾರಿಡಾರು ಪರೀಕ್ಷೆಯ ದಿನ ಹೇಗಿರುತ್ತವೆಯೋ ಹಾಗೆಯೇ ಇಟ್ಟು ಕೇಳಬೇಕು. ಖಾಲಿ ಕೊಠಡಿಯಲ್ಲಿ ದನಿ ಗಟ್ಟಿಯಾಗಿ ಕೇಳುತ್ತದೆ, ಜನ ತುಂಬಿದಾಗ ಇಳಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಇದಕ್ಕೆ ಇಷ್ಟೇಕೆ ಒತ್ತು ಎಂದರೆ, ಐಇಎಲ್‌ಟಿಎಸ್‌ನಲ್ಲಿ ಧ್ವನಿಮುದ್ರಣ ಕೇಳಿಸುವುದು ಒಂದೇ ಸಲ. 30 ನಿಮಿಷ, 40 ಪ್ರಶ್ನೆ. ತಪ್ಪಿಹೋದ ವಾಕ್ಯ ಹೋದಂತೆಯೇ. ಬಿ2 ಫಸ್ಟ್‌ನಲ್ಲಿ ಪ್ರತಿ ಭಾಗ ಎರಡು ಸಲ ಬರುತ್ತದೆ, ಆದರೆ ಆ ಎರಡನೇ ಸಲವೂ ನಡುವಿನ ವಿರಾಮವೂ ಮುದ್ರಣದೊಳಗೇ ಇವೆ. ಹೊಸಬರು ಮೌನ ಬಂದ ಕೂಡಲೇ ಯಂತ್ರ ಕೆಟ್ಟಿತೆಂದು ಗುಂಡಿ ಒತ್ತಿಬಿಡುತ್ತಾರೆ. ಒತ್ತಬೇಡಿ, ಕೈ ಕಟ್ಟಿಕೊಂಡು ನಿಲ್ಲಿ.

ಕೆಂಪು ಶಾಯಿ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕಾಗದದ ಮೇಲೆ ಬರೆಯುವ ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್ ಮುಗಿದ ಮೇಲೆ ಉತ್ತರಗಳನ್ನು ಹಾಳೆಗೆ ಇಳಿಸಲು 10 ನಿಮಿಷ ಸಿಗುತ್ತದೆ. ಕಂಪ್ಯೂಟರಿನಲ್ಲಿ ಬರೆದರೆ ಪರಿಶೀಲನೆಗೆ 2 ನಿಮಿಷ ಅಷ್ಟೇ. ಬಿ2 ಫಸ್ಟ್‌ನಲ್ಲಿ ಕಾಗದದಲ್ಲಾದರೆ 5 ನಿಮಿಷ. ಐಇಎಲ್‌ಟಿಎಸ್ ರೀಡಿಂಗ್‌ಗೆ ಹೀಗೆ ಹೆಚ್ಚುವರಿ ಸಮಯವೇ ಇಲ್ಲ, 60 ನಿಮಿಷದೊಳಗೇ ಉತ್ತರ ಹಾಳೆ ತುಂಬಬೇಕು. ಇದು ತಿಳಿಯದೆ ಪ್ರಶ್ನೆಪತ್ರಿಕೆಯ ಮೇಲೆಯೇ ಉತ್ತರ ಬರೆದು ಕೊನೆಯಲ್ಲಿ ಕಣ್ಣೀರಿಡುವವರನ್ನು ಕಂಡಿದ್ದೇನೆ. ಸೂಚನೆಯಲ್ಲಿ ಆ ವಾಕ್ಯ ಬಂದಾಗ ಸ್ವಲ್ಪ ನಿಧಾನವಾಗಿ ಓದಿ. ನೀವಾಗಿ ಏನನ್ನೂ ಸೇರಿಸಬೇಡಿ.

ನಿಜವಾದ ಕಷ್ಟ ಇರುವುದು ಇಲ್ಲಿಯೇ. ನೀವು ಮೇಷ್ಟರು ಎಂಬುದೇ ನಿಮಗೆ ತೊಡಕು. ಪಾಠ ಹೇಳುವವರ ನಾಲಿಗೆ ಸುಮ್ಮನಿರುವುದಿಲ್ಲ. ಹುಡುಗಿಯೊಬ್ಬಳು ಕೈ ಎತ್ತಿ, ಈ ಪ್ರಶ್ನೆ ಅರ್ಥವಾಗಲಿಲ್ಲ ಎಂದಾಗ, ಅದನ್ನೇ ಬೇರೆ ಮಾತಿನಲ್ಲಿ ಹೇಳಿಕೊಡುವ ಚಪಲ ಬಾಯಿಯ ತುದಿಗೆ ಬಂದು ನಿಲ್ಲುತ್ತದೆ. ನುಂಗಿಕೊಳ್ಳಬೇಕು. ಕೈಪಿಡಿಯಲ್ಲಿರುವ ಸೂಚನೆಯನ್ನು ಅಕ್ಷರ ಬಿಡದೆ ಓದುವುದು, ಪ್ರಶ್ನೆಯ ಬಗ್ಗೆ ಕೇಳಿದರೆ ವಿವರಿಸುವಂತಿಲ್ಲ ಎನ್ನುವುದು, ಅಷ್ಟೇ. ಮುದ್ರಣ ಮಾಸಿದೆ, ಪುಟ ಇಲ್ಲ ಎಂದರೆ ಮಾತ್ರ ನೀವು ಅಲುಗಾಡಬೇಕು.

ಬಾಯಿ ಮಾತ್ರವಲ್ಲ, ಮುಖವೂ ಮಾತಾಡುತ್ತದೆ. ಮೊದಲ ವರ್ಷ ನಾನು ಹುಡುಗನೊಬ್ಬನ ಹಿಂದೆ ನಿಂತು ಅವನ ಉತ್ತರ ಹಾಳೆ ನೋಡುತ್ತಿದ್ದೆ. ಅವನು ತಿರುಗಿ ನನ್ನ ಮುಖ ನೋಡಿದ, ಕೂಡಲೇ ರಬ್ಬರ್ ತೆಗೆದುಕೊಂಡು ಒಂದು ಉತ್ತರವನ್ನು ಅಳಿಸಿದ. ನನ್ನ ಹುಬ್ಬು ಏನು ಹೇಳಿತೋ ನನಗೇ ತಿಳಿಯದು. ಅಂದಿನಿಂದ ಯಾರ ಹಾಳೆಯನ್ನೂ ಓದುವುದಿಲ್ಲ. ನೋಡಬೇಕಾದದ್ದು ಕೈಗಳನ್ನು, ಕಣ್ಣುಗಳನ್ನು ಮತ್ತು ಮೇಜಿನ ಕೆಳಭಾಗವನ್ನು.

ಮೂರನೇ ಗಂಟೆ:

ಪ್ರವೇಶದ್ವಾರದ ಬಗ್ಗೆ ಯಾರೂ ಹೇಳಲಿಲ್ಲ. ಉಸ್ತುವಾರಿ ವಹಿಸಿಕೊಂಡರೆ ನಿಮ್ಮ ಅತಿ ಚುರುಕಿನ ಮೇಲ್ವಿಚಾರಕರನ್ನು ಕೊಠಡಿಯೊಳಗಲ್ಲ, ಬಾಗಿಲಲ್ಲಿ ನಿಲ್ಲಿಸಿ. ಐಇಎಲ್‌ಟಿಎಸ್‌ನಲ್ಲಿ ಅರ್ಜಿ ಹಾಕುವಾಗ ಕೊಟ್ಟ ಗುರುತಿನ ದಾಖಲೆಯನ್ನೇ ತರಬೇಕು. ಫೋಟೊದಲ್ಲಿ ಗಡ್ಡವಿಲ್ಲ, ಎದುರಿಗಿರುವವನಿಗೆ ಗಡ್ಡವಿದೆ. ಹೆಸರು ಹಿಂದುಮುಂದಾಗಿದೆ. ಮದುವೆಯ ನಂತರ ಉಪನಾಮ ಬದಲಾಗಿದೆ. ಇವೆಲ್ಲ ಬಂದೇ ಬರುತ್ತವೆ. ಅನುಮಾನ ಬಂದರೆ ಅಲ್ಲೇ ತಕರಾರು ತೆಗೆಯದೆ ಪಕ್ಕಕ್ಕೆ ಕರೆದು ಮುಖ್ಯಸ್ಥರಿಗೆ ಒಪ್ಪಿಸಿ, ಸಾಲು ಮುಂದೆ ಸಾಗಲಿ. ಮುಖ ಮುಚ್ಚಿಕೊಂಡು ಬರುವ ಮಹಿಳೆಯರ ಗುರುತು ನೋಡಲು ಮಹಿಳಾ ಸಿಬ್ಬಂದಿ ಮತ್ತು ಒಂದು ಮರೆಯ ಜಾಗ ಮೊದಲೇ ಗೊತ್ತುಮಾಡಿಟ್ಟಿರಿ.

ಮೊಬೈಲ್ ಸೈಲೆಂಟ್ ಸಾಲದು, ಪೂರ್ತಿ ಆರಿಸಿ ಹೊರಗೇ ಕೊಡಬೇಕು. ಆರಿಸುವ ಮೊದಲು ಅಲಾರಾಂ ತೆಗೆಸಿ, ಏಕೆಂದರೆ ಕೆಲವು ಫೋನುಗಳು ಆರಿದ್ದರೂ ಅಲಾರಾಂ ಹೊತ್ತಿಗೆ ಎಚ್ಚರಗೊಳ್ಳುತ್ತವೆ. ಕೈಗಡಿಯಾರವೂ ಹೊರಗೆ. ಹಾಗಾಗಿ ಗೋಡೆಯ ಗಡಿಯಾರ ಎಲ್ಲರಿಗೂ ಕಾಣುವಂತಿರಬೇಕು. ನೀರಿನ ಬಾಟಲಿ ಪಾರದರ್ಶಕವಾಗಿರಲಿ, ಚೀಟಿ ಅಂಟಿಸಿದ್ದರೆ ಕೀಳಿಸಿ.

ಆಸನಗಳ ಅಂತರಕ್ಕೆ ನಿಮ್ಮ ಮಂಡಳಿಯ ಕೈಪಿಡಿಯೇ ಪ್ರಮಾಣ. ಅಂದಾಜು ಬೇಕಿದ್ದರೆ, ಬ್ರಿಟನ್ನಿನ ಶಾಲಾ ಪರೀಕ್ಷೆಗಳ ಜೆಸಿಕ್ಯೂ (ಅಲ್ಲಿನ ಪರೀಕ್ಷಾ ಮಂಡಳಿಗಳ ಒಕ್ಕೂಟ) ನಿಯಮದಲ್ಲಿ ಒಂದು ಕುರ್ಚಿಯ ನಡುವಿನಿಂದ ಇನ್ನೊಂದರ ನಡುವಿಗೆ ಕನಿಷ್ಠ 1.25 ಮೀಟರ್, 30 ಪರೀಕ್ಷಾರ್ಥಿಗಳಿಗೆ ಕನಿಷ್ಠ ಒಬ್ಬ ಮೇಲ್ವಿಚಾರಕ. ನಾನು ಟೇಪು ಹಿಡಿದೇ ಅಳೆಯುತ್ತೇನೆ. ಕಣ್ಣಂದಾಜಿನಲ್ಲಿ ಇಟ್ಟ ಸಾಲುಗಳು ಹಿಂದಕ್ಕೆ ಹೋದಂತೆ ಒತ್ತೊತ್ತಾಗುತ್ತವೆ.

ಬಿಳಿ ಹಾಳೆ:

ನಕಲಿನ ಬಗ್ಗೆ ಕೇಳಿದ್ದೀರಿ, ಎಲ್ಲರೂ ಜಾರಿಕೊಂಡರು. ನನ್ನ ಮಾತು ನೇರ. ಚೀಟಿ ಕಂಡಿತೇ, ಚೀಟಿಯನ್ನೂ ಹಾಳೆಯನ್ನೂ ಕಸಿದುಕೊಂಡು ಹೊರಗೆ ಕಳಿಸಿ. ಒಬ್ಬನಿಗೆ ಬಿಸಿ ಮುಟ್ಟಿದರೆ ಉಳಿದವರು ಬಾಲ ಮುದುರಿಕೊಂಡು ಕೂರುತ್ತಾರೆ.

ಕೊನೆಯ ಸಾಲು:

ದಯವಿಟ್ಟು ಹಾಗೆ ಮಾಡಬೇಡಿ ಮೇಡಂ. ಮೇಲಿನ ಸಲಹೆ ನಮ್ಮ ಕಾಲದ ಶಾಲಾ ಪರೀಕ್ಷೆಯ ಗುಂಗು. ಇಂಥ ಪರೀಕ್ಷೆಗಳಲ್ಲಿ ತೀರ್ಪು ಕೊಡುವುದು ನೀವಲ್ಲ, ಮಂಡಳಿ. ಕಂಡ ಅನಧಿಕೃತ ವಸ್ತುವನ್ನು ಸದ್ದಿಲ್ಲದೆ ತೆಗೆದಿಡಿ, ಮುಖ್ಯಸ್ಥರನ್ನು ಕರೆಯಿರಿ, ಸಮಯ ಬರೆದಿಡಿ. ಬೇರೆಯವರಿಗೆ ತೊಂದರೆ ಕೊಡದಿದ್ದರೆ ಅವನು ಬರೆದು ಮುಗಿಸಲಿ. ನಾಳೆ ಅವನು ನಿರಪರಾಧಿ ಎಂದು ತೀರ್ಮಾನವಾದರೆ, ಕಸಿದುಕೊಂಡ ನಲವತ್ತು ನಿಮಿಷಗಳನ್ನು ಯಾರು ಹಿಂದಿರುಗಿಸುತ್ತಾರೆ?

ವರದಿಯಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು. ‘ನಕಲು ಮಾಡುತ್ತಿದ್ದ’ ಎನ್ನುವುದು ನಿಮ್ಮ ಊಹೆ. ‘10.42ಕ್ಕೆ ಎಡಗೈಯ ತೋಳಿನೊಳಗಿಂದ ಮಡಿಸಿದ ಕಾಗದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ’ ಎನ್ನುವುದು ವರದಿ.

ಬಿಳಿ ಹಾಳೆ:

ಸರಿ ಸರ್, ಒಪ್ಪಿದೆ. ನಾನು ಕಾದದ್ದು ಹೆಚ್ಚಾಗಿ ಶಾಲಾ ಪರೀಕ್ಷೆಗಳೇ.

ಕೆಂಪು ಶಾಯಿ:

ಸ್ಪೀಕಿಂಗ್ ದಿನ ಬೇರೆಯೇ ಲೋಕ. ಕೇಂಬ್ರಿಡ್ಜ್ ಪರೀಕ್ಷೆಗೆ ಇಬ್ಬರಿಬ್ಬರು ಜೋಡಿಯಾಗಿ ಹೋಗುತ್ತಾರೆ. ಒಳಗೆ ಪರೀಕ್ಷಕರೂ ಇಬ್ಬರು, ಒಬ್ಬರು ಮಾತಾಡಿಸುತ್ತಾರೆ, ಇನ್ನೊಬ್ಬರು ಕೇಳುತ್ತಾ ಅಂಕ ಹಾಕುತ್ತಾರೆ. ಬಿ2 ಫಸ್ಟ್‌ನಲ್ಲಿ ಜೋಡಿಗೆ 14 ನಿಮಿಷ. ಸಂಖ್ಯೆ ಬೆಸವಾಗಿದ್ದರೆ ಕೊನೆಯದು ಮೂವರ ಗುಂಪು, ಅದಕ್ಕೆ 20 ನಿಮಿಷ. ಬೆಳಿಗ್ಗೆ ಒಬ್ಬರು ಗೈರುಹಾಜರಾದರೆ ನಿಮ್ಮ ಇಡೀ ಪಟ್ಟಿ ತಲೆಕೆಳಗಾಗುತ್ತದೆ, ಹಾಗಾಗಿ ಪೆನ್ಸಿಲ್‌ನಲ್ಲೇ ಬರೆದಿಟ್ಟುಕೊಳ್ಳಿ. ಐಇಎಲ್‌ಟಿಎಸ್‌ನಲ್ಲಿ ಒಬ್ಬರಿಗೊಬ್ಬರು, 11ರಿಂದ 14 ನಿಮಿಷ. ಮುಗಿಸಿ ಬಂದವರು ಕಾಯುತ್ತಿರುವವರ ಮುಂದೆ ಹಾಯದಂತೆ ದಾರಿ ಮಾಡಿ. ಒಳಗೆ ಏನು ಕೇಳಿದರು ಎಂಬ ಪಿಸುಮಾತು ಮೆಟ್ಟಿಲಿಳಿಯುವಷ್ಟರಲ್ಲಿ ಹರಡಿಬಿಡುತ್ತದೆ.

ಹೊಸ ಮೇಲ್ವಿಚಾರಕಿ:

ಎಲ್ಲರಿಗೂ ಧನ್ಯವಾದ. ಎರಡು ಸಂಶಯ. ಶೌಚಾಲಯಕ್ಕೆ ಹೋಗಬೇಕೆಂದವರನ್ನು ಏನು ಮಾಡುವುದು? ಇನ್ನೊಂದು, ಬಿ2 ಫಸ್ಟ್‌ನ ರೀಡಿಂಗ್, ರೈಟಿಂಗ್, ಲಿಸನಿಂಗ್ ಸೇರಿ ಮೂರು ಗಂಟೆಗೂ ಮೀರುತ್ತದೆ. ಅಷ್ಟು ಹೊತ್ತು ಸುಮ್ಮನೆ ನಿಂತಿರುವುದು ಹೇಗೆ?

ಮೂರನೇ ಗಂಟೆ:

ಒಂದು ಸಲಕ್ಕೆ ಒಬ್ಬರು, ಜೊತೆಗೆ ಒಬ್ಬ ಮೇಲ್ವಿಚಾರಕ, ಹೋದ ಮತ್ತು ಬಂದ ಸಮಯ ದಾಖಲೆಯಲ್ಲಿ. ಲಿಸನಿಂಗ್ ಶುರುವಾಗುವ ಮೊದಲೇ ಕೇಳಿಬಿಡಿ, ನಡುವೆ ಎದ್ದು ಹೋದವರಿಗಾಗಿ ಧ್ವನಿಮುದ್ರಣ ಹಿಂದಕ್ಕೆ ಹೋಗುವುದಿಲ್ಲ. ನೀವೊಬ್ಬರೇ ಇದ್ದರೆ ಕೊಠಡಿ ಬಿಡುವಂತಿಲ್ಲ. ಬಾಗಿಲ ಬಳಿ ಇನ್ನೊಬ್ಬರನ್ನು ಇರಿಸುವಂತೆ ಮೊದಲೇ ಒತ್ತಾಯಿಸಿ.

ವಿಶೇಷ ಅನುಕೂಲ ಬೇಕಾದವರ ಪಟ್ಟಿಯನ್ನೂ ಮೊದಲೇ ಕೇಳಿ ಪಡೆಯಿರಿ. ದೊಡ್ಡಕ್ಷರದ ಪ್ರಶ್ನೆಪತ್ರಿಕೆ, ಬ್ರೈಲ್, ಹೆಚ್ಚುವರಿ ಸಮಯ ಎಲ್ಲವೂ ಮುಂಚಿತವಾಗಿ ಅರ್ಜಿ ಹಾಕಿ ಪಡೆಯುವಂಥವು, ಆ ದಿನ ನೀವು ಮಂಜೂರು ಮಾಡುವಂಥವಲ್ಲ. ಹೆಚ್ಚುವರಿ ಸಮಯ ಸಿಕ್ಕವರಿಗೆ ಸಾಧ್ಯವಾದರೆ ಬೇರೆ ಕೊಠಡಿ ಇರಲಿ. ಉಳಿದವರು ಕುರ್ಚಿ ಸರಿಸಿ ಎದ್ದು ಹೋಗುವ ಗದ್ದಲದಲ್ಲಿ ಅವರು ಬರೆಯುವುದಾದರೂ ಏನನ್ನು?

ಇನ್ನು ನಿಂತಿರುವ ವಿಷಯ. 1913ರಲ್ಲಿ ಕೇಂಬ್ರಿಡ್ಜ್ ತನ್ನ ಪ್ರೊಫಿಷಿಯೆನ್ಸಿ ಪರೀಕ್ಷೆಯನ್ನು ಮೊದಲ ಬಾರಿ ನಡೆಸಿದಾಗ ಅದು ಒಟ್ಟು 12 ಗಂಟೆಗಳ ಪರೀಕ್ಷೆ. ಬರೆದವರು ಮೂವರು, ಮೂವರೂ ಅನುತ್ತೀರ್ಣ. ಆ ಮೂವರನ್ನು ಕಾಯುತ್ತಾ ನಿಂತವರನ್ನು ನೆನೆದರೆ ನಮ್ಮ ಕಾಲುನೋವು ತಾನಾಗಿ ಇಳಿಯುತ್ತದೆ. ತಮಾಷೆ ಬಿಡಿ, ಸದ್ದು ಮಾಡದ ಮೆತ್ತನೆ ಅಟ್ಟೆಯ ಚಪ್ಪಲಿ ಹಾಕಿ, ಬಳೆ ಮತ್ತು ಕೀಗೊಂಚಲು ಮನೆಯಲ್ಲಿರಲಿ. ಒಮ್ಮೆ ಹಿಂದೆ, ಒಮ್ಮೆ ಪಕ್ಕದಲ್ಲಿ ನಿಂತು ಜಾಗ ಬದಲಿಸಿ. ಬಿಡುವಿಲ್ಲದ ಗಸ್ತು ಬೇಡ, ಬರೆಯುವವರ ಗಮನವೆಲ್ಲ ನಿಮ್ಮ ಹೆಜ್ಜೆಯ ಮೇಲೆಯೇ ಇರುತ್ತದೆ.

ಕೊನೆಯ ಸಾಲು:

ಪರೀಕ್ಷೆ ಮುಗಿದ ಕೂಡಲೇ ಉಸಿರು ಬಿಡಬೇಡಿ. ಒಮ್ಮೆ ನಮ್ಮಲ್ಲಿ 42 ಜನ ಬರೆದಿದ್ದರು, ಕೈಗೆ ಬಂದ ಹಾಳೆ 41. ಅಷ್ಟರಲ್ಲಿ ಸಹೋದ್ಯೋಗಿ ಬಾಗಿಲು ತೆರೆದು ಅರ್ಧ ಕೊಠಡಿಯನ್ನು ಕಳಿಸಿಯಾಗಿತ್ತು. ಎದೆ ಡವಡವ. ಪ್ರಶ್ನೆಪತ್ರಿಕೆಗಳನ್ನು ಒಂದೊಂದಾಗಿ ಬಿಡಿಸಿದಾಗ ಇಪ್ಪತ್ತೇಳನೆಯದರ ಹೊಟ್ಟೆಯಲ್ಲಿ ಆ ಹಾಳೆ ಬೆಚ್ಚಗೆ ಮಲಗಿತ್ತು. ಈಗ ಉತ್ತರ ಹಾಳೆ, ಪ್ರಶ್ನೆಪತ್ರಿಕೆ ಎರಡನ್ನೂ ಬೇರೆ ಬೇರೆ ಎಣಿಸಿ, ನೋಂದಣಿ ಸಂಖ್ಯೆಯ ಅನುಕ್ರಮದಲ್ಲಿ ಜೋಡಿಸಿ, ಹಾಜರಾತಿಗೆ ತಾಳೆ ನೋಡುವ ತನಕ ಒಬ್ಬರನ್ನೂ ಏಳಗೊಡುವುದಿಲ್ಲ. ಕೆಲವರು ಗೊಣಗುತ್ತಾರೆ, ಗೊಣಗಲಿ.

ಹೊಸ ಮೇಲ್ವಿಚಾರಕಿ:

ಇಂದು ಸಂಜೆ ಹೋಗಿ ಕೊನೆಯ ಸಾಲಿನ ಮೂಲೆಯಲ್ಲಿ ಕೂತು ಕೇಳಿದೆ. ಗೋಡೆಯಾಚೆ ನೀರಿನ ಯಂತ್ರವೊಂದಿದೆ, ಐದು ನಿಮಿಷಕ್ಕೊಮ್ಮೆ ಗುರ್ರ್ ಎನ್ನುತ್ತದೆ. ಆ ಸದ್ದಿನಲ್ಲಿ ಎರಡು ಉತ್ತರ ನನಗೇ ತಪ್ಪಿಹೋದವು. ಪರೀಕ್ಷೆಯ ದಿನ ಅದರ ಪ್ಲಗ್ ಕೀಳಿಸುವುದಾಗಿ ಕಚೇರಿಯವರು ಹೇಳಿದ್ದಾರೆ. ಬೆಳಿಗ್ಗೆ ನಾನೇ ಹೋಗಿ ನೋಡಿಕೊಳ್ಳುತ್ತೇನೆ.